ಕೋವಿಡ್ ಕಾಲದ ಆಹಾರ ಪೂರೈಕೆಯ ಏರುಪೇರು ಎಂಜಿನಿಯರಿಂಗ್ ಪಾಠವಾಗಬೇಕೆ?

ಪರ: ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು

2020ರ ಏಪ್ರಿಲ್‌ನಲ್ಲಿ ಅಮೆರಿಕದ ಹೈನುಗಾರರು ಹಾಲನ್ನು ನೆಲಕ್ಕೆ ಚೆಲ್ಲುತ್ತಿದ್ದರು. ಅದೇ ಹೊತ್ತಿಗೆ ಅಲ್ಲಿನ ಎಷ್ಟೋ ಅಂಗಡಿಗಳು ಒಬ್ಬರಿಗೆ ಇಷ್ಟೇ ಹಾಲು ಎಂದು ಮಿತಿ ಹಾಕಿದ್ದವು. ಹಾಲಿಗೇನೂ ಬರವಿರಲಿಲ್ಲ. ಶಾಲೆ, ಹೋಟೆಲುಗಳು ಮುಚ್ಚಿದ್ದರಿಂದ ಅವಕ್ಕೆಂದೇ ಪುಟ್ಟ ಪೊಟ್ಟಣ, ದೊಡ್ಡ ಚೀಲ ತುಂಬುತ್ತಿದ್ದ ಲೈನುಗಳಿಗೆ ಕೆಲಸ ತಪ್ಪಿತು. ಮನೆಬಳಕೆಯ ಬಾಟಲಿ ಲೈನುಗಳ ಮೇಲೆ ಹೊರೆ ಏರಿತು. ಒಂದನ್ನು ಇನ್ನೊಂದಾಗಿ ಮಾರ್ಪಡಿಸಲು ನಾಝಲ್, ಮುಚ್ಚಳ ಬಿಗಿಯುವ ಯಂತ್ರ, ಲೇಬಲ್, ಪೆಟ್ಟಿಗೆಯ ಅಳತೆ ಎಲ್ಲವೂ ಬದಲಾಗಬೇಕು.

ಎರಡನೇ ವರ್ಷದ ವಿದ್ಯಾರ್ಥಿಗಳಿಗೆ ಹೀಗೊಂದು ಕಾಲ್ಪನಿಕ ಘಟಕ ಕೊಡಿ. ದಿನಕ್ಕೆ 60,000 ಲೀಟರ್ ಹಾಲು ಬರುತ್ತದೆ. ಬಾಟಲಿ ಲೈನು ಗಂಟೆಗೆ 2,400 ಲೀಟರ್ ತುಂಬುತ್ತದೆ. ತೊಳೆಯುವ ಹೊತ್ತು ಕಳೆದರೆ ದಿನಕ್ಕೆ 20 ಗಂಟೆ ಓಡುತ್ತದೆ. 48,000 ಲೀಟರ್ ಹೊರಹೋಗಿ 12,000 ಉಳಿಯುತ್ತದೆ. 1,00,000 ಲೀಟರಿನ ಟ್ಯಾಂಕು ಅರ್ಧ ತುಂಬಿದ್ದರೆ ಐದನೇ ದಿನ ಜಾಗ ಮುಗಿಯುತ್ತದೆ. ತೊಳೆಯುವ ಸಮಯದಲ್ಲಿ ಒಂದು ಗಂಟೆ ಉಳಿಸಿದರೆ? ಉಳಿಕೆ 9,600ಕ್ಕೆ ಇಳಿಯುತ್ತದೆ, ಸಂಕಟ ಒಂದು ದಿನ ಮುಂದೆ ಹೋಗುತ್ತದೆ, ಅಷ್ಟೇ. ಹಸು ಕರೆಯುವುದನ್ನು ಮಾತ್ರ ನಿಲ್ಲಿಸಲಾಗದು. ಹರಿವು, ಸಂಗ್ರಹ, ಸಾಮರ್ಥ್ಯ ಮೂರೂ ಒಂದೇ ಲೆಕ್ಕದಲ್ಲಿ ಬಂದವು.

ಇನ್ನೊಂದು ಕೊಂಡಿಯಂತೂ ಯಾವ ಪಠ್ಯದಲ್ಲೂ ಹೊಳೆಯುವುದಿಲ್ಲ. ವಾಹನಗಳು ನಿಂತವು, ಪೆಟ್ರೋಲ್ ಬೇಡಿಕೆ ಕುಸಿಯಿತು, ಅದಕ್ಕೆ ಬೆರೆಸುವ ಎಥನಾಲ್ ತಯಾರಿಸುವ ಘಟಕಗಳು ಮುಚ್ಚಿದವು. ಎಥನಾಲಿನ ಉಪೋತ್ಪನ್ನವಾಗಿ ಸಿಗುತ್ತಿದ್ದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಂಪು ಪಾನೀಯ, ಮಾಂಸದ ಪ್ಯಾಕಿಂಗ್‌ಗೆ ಅನಿಲದ ಚಿಂತೆ ಹತ್ತಿತು. ಎಲ್ಲಿಯ ಪೆಟ್ರೋಲ್ ಬಂಕು, ಎಲ್ಲಿಯ ಸೋಡಾ! ವ್ಯವಸ್ಥೆಯ ಗಡಿಯನ್ನು ಎಲ್ಲಿ ಎಳೆಯಬೇಕು, ಅಂದರೆ ಯಾವುದನ್ನೆಲ್ಲ ಲೆಕ್ಕಕ್ಕೆ ಸೇರಿಸಬೇಕು ಎಂಬ ಪ್ರಶ್ನೆ ವಿದ್ಯಾರ್ಥಿಗೆ ನಿಜವಾಗಿ ಕಾಡುವುದು ಇಂಥಲ್ಲಿ.

ವಿರೋಧ: ಘಟನೆ ದೊಡ್ಡದು, ಪಾಠ ಸಡಿಲ

ಅಂಗಡಿಯ ಬೇಡಿಕೆ ತುಸು ಬದಲಾದರೂ ಪೂರೈಕೆ ಸರಪಳಿಯ ಹಿಂದಿನ ಹಂತಗಳಲ್ಲಿ ಆರ್ಡರುಗಳು ಉಬ್ಬುವುದನ್ನು ಕಲಿಸಲು ಮಹಾಮಾರಿ ಬೇಕಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿಯರ್ ಗೇಮ್ ಎಂಬ ತರಗತಿಯ ಆಟ ದಶಕಗಳಿಂದ ಅದನ್ನೇ ಮಾಡುತ್ತಿದೆ: ಅಂಗಡಿಯಿಂದ ಕಾರ್ಖಾನೆಯವರೆಗೆ ನಾಲ್ಕು ಹಂತ, ವಾರಕ್ಕೆ 4 ಪೆಟ್ಟಿಗೆಯ ಬೇಡಿಕೆ ಒಮ್ಮೆ ಮಾತ್ರ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಕಾರ್ಖಾನೆಯ ತುದಿಯಲ್ಲಿ ಅಲ್ಲೋಲಕಲ್ಲೋಲ. ಸೂತ್ರವೂ ಕೈಯಲ್ಲಿದೆ. ವಾರದಿಂದ ವಾರಕ್ಕೆ ಸಂಬಂಧವಿಲ್ಲದ ಬೇಡಿಕೆಯನ್ನು ಹಿಂದಿನ 5 ವಾರಗಳ ಸರಾಸರಿಯಿಂದ ಅಂದಾಜಿಸಿ, ಸರಕು ಬರಲು 3 ವಾರ ಹಿಡಿದರೆ, ಆರ್ಡರಿನ ವೇರಿಯನ್ಸ್ (ಏರಿಳಿತದ ಅಳತೆ) ಬೇಡಿಕೆಯ ವೇರಿಯನ್ಸಿನ ಕನಿಷ್ಠ 2.92 ಪಟ್ಟು. ಸರಾಸರಿಯನ್ನು 10 ವಾರಕ್ಕೆ ಹಿಗ್ಗಿಸಿದರೆ 1.78. ಕಾರಣ, ಪರಿಣಾಮ ಎರಡೂ ಸ್ಪಷ್ಟ.

2020ರ ದತ್ತಾಂಶದಲ್ಲಿ ಆ ಸ್ಪಷ್ಟತೆ ಇಲ್ಲ. ಕಪಾಟು ಖಾಲಿಯಾದ ದಿನ ಮಾರಾಟ ಸೊನ್ನೆ, ಬೇಡಿಕೆ ಸೊನ್ನೆಯಲ್ಲ. ಮಾರಾಟದ ಅಂಕಿಯನ್ನೇ ಬೇಡಿಕೆ ಎಂದು ಮಾದರಿಗೆ ಹಾಕಿದರೆ, ಅತಿ ಹೆಚ್ಚು ಕೊರತೆಯಿದ್ದ ವಾರವೇ ಅತಿ ಕಡಿಮೆ ಬೇಡಿಕೆಯದಾಗಿ ಕಾಣುತ್ತದೆ. ಇದನ್ನು ಸರಿಪಡಿಸುವ ಸಂಖ್ಯಾಶಾಸ್ತ್ರ ಎರಡನೇ ವರ್ಷದವರ ಬಳಿ ಇರುವುದಿಲ್ಲ. ಮೇಲಾಗಿ ಬೇಡಿಕೆ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ಅವರಿಗೆ ಮೊದಲೇ ಗೊತ್ತು. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸಿದವರಿಗೆ ಅನಿಶ್ಚಿತತೆ ಅರ್ಥವಾಗುವುದಿಲ್ಲ.

ಇದಕ್ಕಿಂತ ದೊಡ್ಡ ಆತಂಕ ಬೇರೆ. ಅಮೆರಿಕದ ಹಂದಿ ಮಾಂಸದ ಕಾರ್ಖಾನೆಗಳು 2020ರ ವಸಂತದಲ್ಲಿ ನಿಂತಾಗ, ಸುಮಾರು ಆರು ತಿಂಗಳಿಗೆ ಮಾರಾಟದ ತೂಕಕ್ಕೆ ಬರುವ ಹಂದಿಗಳು ಕೊಟ್ಟಿಗೆಯಲ್ಲೇ ಬೆಳೆಯುತ್ತಾ ಹೋದವು. ನಿಗದಿತ ಗಾತ್ರಕ್ಕೆ ಕಟ್ಟಿದ ಲೈನಿಗೆ ಅವು ಹೊಂದದಾದವು. ತರಗತಿಯಲ್ಲಿ ಇದು ಸೊಗಸಾದ ಸಾಮರ್ಥ್ಯದ ಲೆಕ್ಕ. ಆದರೆ ಲೈನು ನಿಂತದ್ದು ಭುಜಕ್ಕೆ ಭುಜ ತಾಗಿಸಿ ನಿಂತು ದುಡಿಯುತ್ತಿದ್ದವರಿಗೆ ಸೋಂಕು ಹರಡಿದ್ದರಿಂದ. ಸಮೀಕರಣದಲ್ಲಿ ಅವರು ‘ಲಭ್ಯತೆ 0.6’ (ಹತ್ತರಲ್ಲಿ ಆರು ಮಂದಿ ಮಾತ್ರ ಕೆಲಸಕ್ಕೆ) ಎಂಬ ಗುಣಾಂಕವಾಗಿ ಬಿಡುತ್ತಾರೆ. ಕಲಿಸಲೇಬೇಕೆಂದರೆ ಕೈಗಾರಿಕಾ ಸುರಕ್ಷತೆಯ ಪಾಠದಲ್ಲಿ ಕಲಿಸಿ: ಇಬ್ಬರ ನಡುವೆ ಎಷ್ಟು ಅಂತರ, ಗಾಳಿ ಎತ್ತ ಬೀಸುತ್ತದೆ, ಲೈನಿನ ವೇಗ ಎಷ್ಟು ತಗ್ಗಬೇಕು ಎಂಬಲ್ಲಿಂದ ಶುರುಮಾಡಿ.