ಅಮ್ಮನ ಸ್ವಯಂಪಾಕ

ಮೊನ್ನೆ ಭಾನುವಾರ ಆರಾಧನೆ ಮುಗಿದ್ಮೇಲೆ ಚರ್ಚ್ ಕಾಂಪೌಂಡಲ್ಲಿ ನಿಂತಿದ್ದಾಗ ಸಭೆಯ ಹಿರಿಯರೊಬ್ರು ಕೇಳಿದ್ರು, "ಇಷ್ಟು ವರ್ಷದಿಂದ ಆ ಎದುರುಮನೆ ಅಜ್ಜಿಗೆ ಸಾಮಾನು ಕೊಡ್ತಿದ್ದೀಯಲ್ಲಪ್ಪ, ಒಂದಿನನಾದ್ರೂ ಚರ್ಚಿಗೆ ಬಂದ್ರಾ?" ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ತುಂಬಾ ಒಳ್ಳೇವ್ರು ಅವ್ರು, ನಮ್ಮಮ್ಮನ ಮಣ್ಣಿಗೆ ಮೊದಲು ಬಂದು ನಿಂತವ್ರು. "ಇಲ್ಲ ಅಂಕಲ್" ಅಂದು ಸುಮ್ಮನಾದೆ. ಆದ್ರೆ ಆ ಪ್ರಶ್ನೆ ಇನ್ನೂ ತಲೇಲೇ ಕೂತಿದೆ. ಅಲ್ಲಿ ಹೇಳೋಕಾಗದೇ ಇದ್ದಿದ್ದನ್ನ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮದು ಮೈಸೂರಿನ ಹಳೇ ಬೀದಿ. ನಾವು ಸಿಎಸ್ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯ ಕ್ರೈಸ್ತರು, ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ರು. ಎದುರುಮನೇಲಿ ಅಜ್ಜಿ ಒಬ್ರೇ, ತುಂಬಾ ಮಡಿ. ನಮ್ಮ ಮನೇಲಿ ಒಂದು ಲೋಟ ನೀರು ಕುಡಿದವ್ರಲ್ಲ. ಕ್ರಿಸ್‌ಮಸ್‌ಗೆ ಅಮ್ಮ ಕಲ್ಕಲ್ಸು, ರೋಸ್ ಕುಕ್ಕೀಸು ಮಾಡಿ ಬೀದಿಗೆಲ್ಲ ಹಂಚೋವಾಗ ಅವರ ಮನೆಗೆ ಮಾತ್ರ ಬಾಳೆಹಣ್ಣಿನ ಚಿಪ್ಪು ಹೋಗ್ತಿತ್ತು. ಚಿಕ್ಕವನಿದ್ದಾಗ ಇದರಲ್ಲೇನೂ ಅನ್ನಿಸ್ತಿರಲಿಲ್ಲ, ದೊಡ್ಡೋನಾದ್ಮೇಲೆ ಉರೀತಿತ್ತು.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತಲ್ಲ, ಅಜ್ಜಿಗೆ ತಿಂಗಳ ಸಾಮಾನು ತಂದುಕೊಡ್ತಿದ್ದ ಹುಡುಗ ಊರಿಗೆ ಹೋಗ್ಬಿಟ್ಟ, ಮಗ ದೂರದೂರಲ್ಲಿ, ಬರೋ ಹಾಗಿಲ್ಲ. ನಾಲ್ಕೈದು ದಿನ ಆದ್ಮೇಲೆ ಅಮ್ಮ ಗಮನಿಸಿದ್ರು, ಬೆಳಗ್ಗೆ ಆ ಮನೆಯಿಂದ ಕುಕ್ಕರ್ ಸದ್ದು ಬರ್ತಿಲ್ಲ ಅಂತ. ತಕ್ಷಣ ಒಂದು ಹೊಸ ಬಟ್ಟೆ ಚೀಲ ತೆಗೆದು ಅದರಲ್ಲಿ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು, ಬೆಲ್ಲ, ಉಪ್ಪು, ಒಡೆಯದೇ ಇರೋ ತುಪ್ಪದ ಪ್ಯಾಕೆಟ್, ಎರಡು ಬಾಳೆಕಾಯಿ ಎಲ್ಲ ಜೋಡಿಸಿದ್ರು. ಈರುಳ್ಳಿ ಬೆಳ್ಳುಳ್ಳಿ ಇಡಲಿಲ್ಲ. ಮಡಿಯವ್ರಿಗೆ ಅಡುಗೆ ಮಾಡಿ ಕೊಡೋ ಹಾಗಿಲ್ಲ, ಹಸಿ ಸಾಮಾನು ಕೊಡಬೇಕು, ಅದಕ್ಕೆ ಸ್ವಯಂಪಾಕ ಅಂತಾರೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು.

ನಾನು ರೇಗಿದೆ. ನಾವು ಮುಟ್ಟಿದ್ದು ತಿನ್ನಲ್ಲ ಅನ್ನೋರ ಮಡಿಗೆ ನಾವೇ ಹೊಂದ್ಕೊಂಡು ಕೊಡಬೇಕಾ, ಇದಕ್ಕಿಂತ ಅವಮಾನ ಇದೆಯಾ, ಬೇಕಾದ್ರೆ ನಮ್ಮ ಸಾರು ಅನ್ನ ತಿನ್ನಲಿ ಅಂದೆ. ಅಮ್ಮ ಚೀಲದ ಬಾಯಿ ಕಟ್ತಾನೇ ಹೇಳಿದ್ರು, "ಅವ್ರು ಮಾಡೋದು ಸರಿ ಅಂತ ನಾನೆಲ್ಲಿ ಹೇಳ್ದೆ ಮಗ? ಅದನ್ನ ಕಲಿಸೋಕೆ ಅವರ ಹಸಿವನ್ನೇ ಕೋಲು ಮಾಡ್ಕೋಬೇಕಾ ನಾನು?"

ನಂಗೆ ಮಾತೇ ಹೊರಡಲಿಲ್ಲ.

ಷರತ್ತಿಲ್ಲದ ಪ್ರೀತಿ ಅನ್ನೋ ಮಾತನ್ನ ಚರ್ಚಲ್ಲಿ ಪಾದ್ರಿಗಳ ಎಷ್ಟು ಉಪದೇಶಗಳಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ, ಗ್ರೀಕಲ್ಲಿ ಅಗಾಪೆ ಅಂತಾರೆ, ಪ್ರೀತಿ ಬಗ್ಗೆ ಇರೋ ಬೈಬಲ್ ಅಧ್ಯಾಯ 1 ಕೊರಿಂಥ 13 ಮದುವೆಗಳಲ್ಲೆಲ್ಲ ಓದ್ತೀವಿ. ಆದ್ರೆ ನಮ್ಮ ಷರತ್ತು ಎಷ್ಟು ಒಳಗೆ ಅಡಗಿರುತ್ತೆ ಅನ್ನೋದು ನಂಗೆ ಕಂಡಿದ್ದು ಆ ಚೀಲದಲ್ಲಿ. ನಾನು ಕೊಡೋಕೆ ರೆಡಿ ಇದ್ದೆ, ಕೊಡಲ್ಲ ಅಂತೇನೂ ಇರಲಿಲ್ಲ, ಆದ್ರೆ ಆ ಅಜ್ಜಿ ಮೊದಲು ನನ್ನನ್ನ ಸಮ ಅಂತ ಒಪ್ಪಿ ಕೈ ಚಾಚಬೇಕಿತ್ತು. ನ್ಯಾಯವಾದ ಆಸೆನೇ ಅದು, ಆ ಮಡಿಯಿಂದ ತಲೆತಲಾಂತರ ನೋವು ತಿಂದವ್ರು ನಮ್ಮ ಸಭೇಲೇ ಎಷ್ಟೋ ಜನ ಇದ್ದಾರೆ, ಅವರ ಸಿಟ್ಟನ್ನ ಸಣ್ಣದು ಅಂತ ನಾನು ಯಾವತ್ತೂ ಹೇಳಲ್ಲ. ಇನ್ನೊಂದು ಮಾತೂ ಇಲ್ಲೇ ಹೇಳ್ಬೇಕು, ಚರ್ಚಲ್ಲಿ ಯೇಸುವಿನ ನೆನಪಿಗೆ ಒಂದೇ ಪಾತ್ರೆಯಿಂದ ಕರ್ತನ ಭೋಜನ ತಗೊಳ್ಳೋ ನಾವೂ ಮದುವೆ ಮಾತು ಬಂದಾಗ ಜಾತಿ ಕೇಳ್ತೀವಿ. ಅದು ಪಾಪನೇ.

ಒಳ್ಳೇ ಸಮಾರ್ಯದವನ ಕಥೆ, ಬೈಬಲ್‌ನ ಲೂಕ 10ನೇ ಅಧ್ಯಾಯ, ನಮ್ಮವ್ರಿಗೆಲ್ಲ ಗೊತ್ತು, ಕಳ್ಳರು ಹೊಡೆದು ದಾರೀಲಿ ಬಿಟ್ಟುಹೋದ ಒಬ್ಬನಿಗೆ ಸಮಾರ್ಯ ಸೀಮೆಯವನೊಬ್ಬ ಸಹಾಯ ಮಾಡಿದ ಅಂತ ಯೇಸು ಹೇಳಿದ ಕಥೆ. ಯೆಹೂದ್ಯರಿಗೂ ಸಮಾರ್ಯದವ್ರಿಗೂ ಹೊಕ್ಕುಬಳಕೆ ಇರಲಿಲ್ಲ, ಯೋಹಾನ 4ರಲ್ಲಿ ಬಾವಿ ಹತ್ರ ಯೇಸು ನೀರು ಕೇಳಿದಾಗ ಆ ಹೆಂಗಸು ಆಶ್ಚರ್ಯ ಪಡೋದೂ ಅದಕ್ಕೇ. ಈಗ ಯೋಚನೆ ಮಾಡಿ, ಯೆರೂಸಲೇಮಿಂದ ಯೆರಿಕೋಗೆ ಇಳಿಯೋ ದಾರೀಲಿ ಅರೆಜೀವ ಆಗಿ ಬಿದ್ದಿದ್ದವನು ಎಚ್ಚರ ಇದ್ದಿದ್ರೆ ಈ ಸಮಾರ್ಯದವನ ಕೈಯಿಂದ ಎಣ್ಣೆ ದ್ರಾಕ್ಷಾರಸ ಹಾಕಿಸ್ಕೊಳ್ತಿದ್ನಾ? ಗೊತ್ತಿಲ್ಲ. ಸಮಾರ್ಯದವನು ಅದನ್ನ ಕೇಳೋಕೂ ಹೋಗ್ಲಿಲ್ಲ. ಗಾಯ ಕಟ್ಟಿದ, ತಾನು ಕೂರ್ತಿದ್ದ ಪ್ರಾಣಿ ಮೇಲೆ ಅವನನ್ನ ಕೂರಿಸ್ದ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಇನ್ನೂ ಖರ್ಚಾದ್ರೆ ವಾಪಸ್ ಬರೋವಾಗ ಕೊಡ್ತೀನಿ ಅಂದ. ಅಲ್ಲಿಗೆ ಕಥೆ ನಿಲ್ಲುತ್ತೆ! ಅವನು ಎದ್ದನಾ, ಥ್ಯಾಂಕ್ಸ್ ಹೇಳಿದ್ನಾ, ಸಮಾರ್ಯದವ್ರ ಬಗ್ಗೆ ಮನಸ್ಸು ಬದಲಾಯಿಸ್ಕೊಂಡ್ನಾ, ಯೇಸು ಒಂದೂ ಹೇಳಲಿಲ್ಲ. ನಾವು ಹೇಳಿದ್ರೆ ಕೊನೇಲಿ ಅವನ ಕೈಲಿ ನನ್ನ ಮನಸ್ಸು ಬದಲಾಯ್ತು ಅಂತ ಒಂದು ಸಾಕ್ಷಿ ಹೇಳಿಸಿಬಿಡ್ತಿದ್ವಿ.

ನಮ್ಮ ನಾಡಲ್ಲೂ ಹೀಗೆ ಬದುಕಿದವ್ರಿದ್ದಾರೆ. ಮಂಗಳೂರಿನ ಕಂಕನಾಡಿ ಕಡೆ ಹೋದವ್ರಿಗೆ ಫಾದರ್ ಮುಲ್ಲರ್ ಹೆಸರು ಗೊತ್ತಿರುತ್ತೆ. ಜರ್ಮನಿಯಿಂದ ಬಂದ ಆ ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ್ರು, ಆಮೇಲೆ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮ. ಆ ಕಾಲದಲ್ಲಿ ಕುಷ್ಠ ಅಂದ್ರೆ ಹೆತ್ತವ್ರೇ ಮನೆಯಿಂದ ಆಚೆ ಹಾಕ್ತಿದ್ರು, ವಾಸಿ ಮಾಡೋ ಔಷಧಿನೂ ಇರಲಿಲ್ಲ. ವಾಸಿ ಆಗಲ್ಲ ಅಂತ ಗೊತ್ತಿದ್ದೂ ದಿನಾ ಗಾಯ ತೊಳೀಬೇಕು ಅಂದ್ರೆ ಒಳಗೆ ಎಂಥದ್ದಿರಬೇಕು ನೋಡಿ.

ಮತ್ತೆ ಗ್ಲಾಡಿಸ್ ಸ್ಟೇನ್ಸ್. ಇವರ ಬಗ್ಗೆ ಬರೆಯೋವಾಗ ಈಗ್ಲೂ ಕೈ ನಡುಗುತ್ತೆ ನಂಗೆ. 1999ರ ಜನವರಿ 22ರ ರಾತ್ರಿ, ಒಡಿಶಾದ ಮನೋಹರಪುರ. ಜೀಪಲ್ಲಿ ಮಲಗಿದ್ದ ಅವರ ಗಂಡ, ಆಸ್ಟ್ರೇಲಿಯಾದಿಂದ ಬಂದಿದ್ದ ಮಿಷನರಿ ಗ್ರಹಾಂ, ಮಕ್ಕಳು ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋತಿ, ಮೂರೂ ಜನರನ್ನ ಸುಟ್ಟುಬಿಟ್ರು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡ್ಕೊಂಡಿದ್ದ ಕುಟುಂಬ. ಆ ತಾಯಿ ಕ್ಷಮಿಸಿದ್ದೀನಿ ಅಂದ್ರು. ಕೋರ್ಟು ಕೇಸು ಅದರ ಪಾಡಿಗೆ ನಡೀತು, ಶಿಕ್ಷೆನೂ ಆಯ್ತು, ಕ್ಷಮೆ ಅಂದ್ರೆ ಕಾನೂನು ಬೇಡ ಅಂತಲ್ಲ. ಆದ್ರೆ ನನ್ನನ್ನ ಹೆಚ್ಚು ತಟ್ಟೋದು ಆ ಮಾತಿಗಿಂತ ಆಮೇಲಿಂದು. ಅವ್ರು ಮಗಳನ್ನ ಕರ್ಕೊಂಡು ತಕ್ಷಣ ಆಸ್ಟ್ರೇಲಿಯಾಕ್ಕೆ ಹೊರಟುಬಿಡಲಿಲ್ಲ, ವರ್ಷಗಟ್ಟಲೆ ಅಲ್ಲೇ ಬಾರಿಪದದಲ್ಲೇ ಇದ್ರು, ಅದೇ ಜನರ ಮಧ್ಯೆ, ಅದೇ ಕೆಲಸ. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಡ್ತು. ಒಂದಿನ ಕ್ಷಮಿಸ್ತೀನಿ ಅಂತ ಹೇಳೋಕೆ ದೇವರ ಕೃಪೆ ಬೇಕು ನಿಜ, ಮಾರನೇ ದಿನ ಬೆಳಗ್ಗೆ ಎದ್ದು ಅದೇ ಊರಲ್ಲಿ ಬ್ಯಾಂಡೇಜ್ ಕತ್ತರಿಸೋಕೆ ಇನ್ನೆಷ್ಟು ಬೇಕಾಗಿತ್ತೋ.

ಬಡವ್ರಿಗೆ ದಿನಸಿ ಕಿಟ್ ಹಂಚೋವಾಗ ಫೋಟೋ ತೆಗೆಯೋದು ನಿಲ್ಲಿಸೋಣ ಅಂತ ನಮ್ಮ ಯೂತ್ ಗ್ರೂಪಲ್ಲಿ ನಾನು ಹೇಳ್ತಾನೇ ಇದ್ದೀನಿ. ಕೊಡೋರಿಗೆ ಲೆಕ್ಕ ತೋರಿಸ್ಬೇಕು ಅಂತಾರೆ, ಅದೂ ಸರಿನೇ, ಬಿಲ್ ತೋರಿಸೋಣ. ಕೈ ಚಾಚಿರೋ ಮನುಷ್ಯನ ಮುಖ ಯಾಕೆ ಬೇಕು? ಚರ್ಚಿಗೆ ಬರ್ತಾರಾ ಅನ್ನೋ ಪ್ರಶ್ನೆನೂ ಇದೇ ತರ ಅನ್ಸುತ್ತೆ ನಂಗೆ. ಯಾರಾದ್ರೂ ತಾವಾಗೇ ಬಂದು ನಿಮ್ಮ ದೇವರು ಯಾರು ಅಂತ ಕೇಳಿದ್ರೆ ನಾನು ಸಂತೋಷವಾಗಿ ಹೇಳ್ತೀನಿ, ಮುಚ್ಚಿಡಲ್ಲ. ಆದ್ರೆ ಅಕ್ಕಿ ಕೊಟ್ಟು ಅದನ್ನ ಕಾಯ್ತಾ ಕೂತ್ರೆ ಆ ಅಕ್ಕಿಗೆ ನಾನು ಬೆಲೆ ಕಟ್ಟಿದ ಹಾಗೆ. ಮತ್ತಾಯ 25ರಲ್ಲಿ ಯೇಸು ನಾನು ಹಸಿದಿದ್ದೆ, ನೀವು ಊಟ ಕೊಟ್ರಿ ಅಂತಾನೆ. ಹಸಿದವನ ಜಾಗದಲ್ಲಿ ತಾನೇ ಕೂತಿರೋವಾಗ ನಾನು ಇನ್ಯಾರನ್ನ ಚರ್ಚಿಗೆ ಕರ್ಕೊಂಡು ಬರ್ಬೇಕು ಅಂಕಲ್?

ಲಾಕ್‌ಡೌನ್ ಮುಗೀತು, ಚೀಲ ನಿಲ್ಲಲಿಲ್ಲ. ಅಮ್ಮ ಅಂಗಡಿಯಿಂದ ಒಂಟಿಕೊಪ್ಪಲ್ ಪಂಚಾಂಗ ಒಂದು ತಂದಿಟ್ಕೊಂಡ್ರು, ಬೈಬಲ್ ಇಡೋ ಶೆಲ್ಫಲ್ಲೇ. ಏಕಾದಶಿ ಯಾವತ್ತು ಅಂತ ನೋಡಿ ಹಿಂದಿನ ದಿನವೇ ಅವಲಕ್ಕಿ, ಹಣ್ಣು ಕಳಿಸೋರು. ಅಮ್ಮ ಹೋಗಿ ಎರಡು ವರ್ಷ ಆಯ್ತು. ಮಣ್ಣಿನ ದಿನ ಅಜ್ಜಿ ಬರಲಿಲ್ಲ, ತಮ್ಮ ಮನೆ ಬಾಗಿಲಲ್ಲಿ ನಿಂತಿದ್ರು ಅಷ್ಟೇ.

ಈಗ ಚೀಲ ನಾನು ತಗೊಂಡು ಹೋಗ್ತೀನಿ. "ಟೀಚರ್ ಮಗನಾ? ಅಲ್ಲೇ ಜಗಲಿ ಮೇಲಿಡಪ್ಪ" ಅಂತಾರೆ. ಇಟ್ಟು ಎರಡು ಹೆಜ್ಜೆ ಹಿಂದೆ ಬರ್ತೀನಿ. ಅಜ್ಜಿ ಚೊಂಬಿಂದ ಚೀಲದ ಮೇಲೆ ನೀರು ಪ್ರೋಕ್ಷಣೆ ಮಾಡಿ ಒಳಗೆ ಎತ್ಕೊಂಡು ಹೋಗ್ತಾರೆ. ಆ ನೀರು ಬೀಳೋವಾಗ ಎದೆ ಚುಳ್ ಅನ್ನೋದು ಇನ್ನೂ ಹೋಗಿಲ್ಲ ನಂಗೆ, ಪ್ರಾರ್ಥನೆ ಮಾಡ್ತಿದ್ದೀನಿ. ಖಾಲಿ ಚೀಲ ವಾಪಸ್ ಬರೋವರೆಗೂ ಗೇಟ್ ಹತ್ರ ನಿಂತಿರ್ತೀನಿ. ಈ ವಾರ ಬೆಲ್ಲ ಜಾಸ್ತಿ ಹಾಕು ಅಂದಿದ್ದಾರೆ.