ಲ್ಯಾಪ್‌ಟಾಪ್ ಇದ್ದರೂ ಹೊರಗುತ್ತಿಗೆ ಹೊರಗುತ್ತಿಗೆಯೇ

ಎರಡು ಮೂರು ವರ್ಷದಿಂದ ನಮ್ಮ ಆಫೀಸಿಗೆ ರಿಟರ್ನ್ಸ್ ಹಾಕಿಸೋಕೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ಒಂದು ಬೇರೆ ಥರದ ಫಾರ್ಮ್ 16 (ಸಂಬಳ ಎಷ್ಟು, ತೆರಿಗೆ ಎಷ್ಟು ಹಿಡಿದರು ಅಂತ ಮಾಲೀಕರು ಕೊಡುವ ಪತ್ರ) ಕಾಣುತ್ತಿದೆ. ಕೆಲಸ ಜರ್ಮನಿಯದೋ ಅಮೆರಿಕದ್ದೋ ಕಂಪನಿಗೆ. ಮ್ಯಾನೇಜರ್ ಅಲ್ಲಿ ಕೂತಿರುತ್ತಾರೆ, ಇವರು ರಾಯಚೂರಿನ ಮನೆಯಲ್ಲಿ. ಆದರೆ ಫಾರ್ಮ್ ಮೇಲೆ ಇರುವ ಹೆಸರು ಆ ಕಂಪನಿಯದಲ್ಲ, ಬೆಂಗಳೂರಿನ ಇನ್ಯಾವುದೋ ಪ್ರೈವೇಟ್ ಲಿಮಿಟೆಡ್‌ದು. "ಇದ್ಯಾರಪ್ಪ?" ಅಂತ ಕೇಳಿದರೆ, "ಅದು ಸುಮ್ನೆ ಸಂಬಳ ಹಾಕೋಕೆ ಇರೋದು ಸರ್" ಅಂತಾರೆ.

ಸುಮ್ನೆ ಏನಲ್ಲ. ಕಾನೂನಿನ ಪ್ರಕಾರ ನಿಮಗೆ ಕೆಲಸ ಕೊಟ್ಟವರೇ ಅವರು.

ವ್ಯವಸ್ಥೆ ಹೀಗಿದೆ. ಬರ್ಲಿನ್‌ನ ಕಂಪನಿಗೆ ಇಲ್ಲಿನ ಒಬ್ಬನೇ ಒಬ್ಬ ಹುಡುಗ ಬೇಕು. ಅವನನ್ನು ನೇರವಾಗಿ ನೌಕರಿಗೆ ಇಟ್ಟುಕೊಳ್ಳಬೇಕೆಂದರೆ ಇಲ್ಲೊಂದು ಕಂಪನಿ ತೆರೆಯಬೇಕು. ಭಾರತದಲ್ಲಿ ವಾಸ ಇರುವ ಒಬ್ಬ ಡೈರೆಕ್ಟರ್ ಬೇಕು. ಪ್ಯಾನ್, ಟ್ಯಾನ್, ಪಿಎಫ್, ವೃತ್ತಿ ತೆರಿಗೆ, ವರ್ಷ ವರ್ಷ ಆಡಿಟ್. ಒಬ್ಬನಿಗೋಸ್ಕರ ಇಷ್ಟೆಲ್ಲ ಯಾರು ಮಾಡುತ್ತಾರೆ? ಹಾಗಂತ ಏನೂ ತೆರೆಯದೆ ಇಲ್ಲಿ ಜನ ಇಟ್ಟುಕೊಂಡರೆ, ನಾಳೆ ಆದಾಯ ತೆರಿಗೆಯವರು "ನಿಮ್ಮ ವ್ಯವಹಾರ ಇಲ್ಲೇ ನಡೀತಿದೆ, ಲಾಭಕ್ಕೆ ಇಲ್ಲೇ ತೆರಿಗೆ ಕಟ್ಟಿ" ಅಂದಾರು ಅನ್ನೋ ಭಯ. ಅದಕ್ಕೆ ನಡುವೆ ಏಜೆನ್ಸಿ ಬರುತ್ತದೆ. ಡೀಲ್, ರಿಮೋಟ್ ಥರದ ಕಂಪನಿಗಳ ಹೆಸರು ಕೇಳಿರುತ್ತೀರಿ. ಆಫರ್ ಲೆಟರ್ ಕೊಡೋದು, ಸಂಬಳದಲ್ಲಿ ತೆರಿಗೆ (ಟಿಡಿಎಸ್) ಹಿಡಿಯೋದು, ಪಿಎಫ್ ಕಟ್ಟೋದು ಎಲ್ಲ ಏಜೆನ್ಸಿ. ಕೆಲಸ ಹೇಳೋದು ಬರ್ಲಿನ್. ಏಜೆನ್ಸಿ ಬರ್ಲಿನ್‌ಗೆ ತಿಂಗಳಿಗೊಂದು ಬಿಲ್ ಕಳಿಸುತ್ತದೆ: ಸಂಬಳ, ಪಿಎಫ್, ಮೇಲೆ ತನ್ನ ಫೀಸು.

ಈಗ ಹೇಳಿ, ಇದನ್ನು ನಾವು ಎಲ್ಲೂ ನೋಡಿಲ್ವಾ? ಸರ್ಕಾರಿ ಆಸ್ಪತ್ರೆಯ ಡಿ ಗ್ರೂಪ್‌ನವರು, ಹಾಸ್ಟೆಲ್ ಅಡುಗೆಯವರು, ತಾಲೂಕು ಆಫೀಸಿನ ಡೇಟಾ ಎಂಟ್ರಿ ಆಪರೇಟರ್, ಸಾಹೇಬರ ಜೀಪಿನ ಡ್ರೈವರ್. ಕೆಲಸ ಒಬ್ಬರದು, ಸಂಬಳದ ಚೀಟಿ ಇನ್ನೊಬ್ಬರದು. ನಮ್ಮ ಭಾಗದ ಎಷ್ಟು ಮನೆಗಳ ಒಲೆ ಈ ಹೊರಗುತ್ತಿಗೆ ಮೇಲೆ ಉರಿಯುತ್ತಿದೆ! ಆದರೆ ನಮ್ಮ ಐಟಿ ಹುಡುಗರಿಗೆ ಈ ಹೋಲಿಕೆ ಹೇಳಿದರೆ ಮುಖ ಸಣ್ಣದಾಗುತ್ತದೆ. ಅದಕ್ಕೇ ಈ ಪೋಸ್ಟ್.

ಹೊರಗುತ್ತಿಗೆಯ ಅಕ್ಕ ಅಣ್ಣಂದಿರಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ ಅನ್ನೋದು ನನ್ನ ತಕರಾರು. ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಇದ್ದಾರೆ, ಸರ್ಕಾರಿ ಕಚೇರಿಯೊಂದರಲ್ಲಿ ಆಪರೇಟರ್. ತಿಂಗಳು ತಿಂಗಳು ಪಿಎಫ್ ಪಾಸ್‌ಬುಕ್ ತೆಗೆದು ನೋಡುತ್ತಾರೆ. ಹಿಂದಿನ ತಿಂಗಳ ದುಡ್ಡು ಈ ತಿಂಗಳ 15ನೇ ತಾರೀಖಿನೊಳಗೆ ಬೀಳಬೇಕು ಅಂತ ಅವರಿಗೆ ಬಾಯಿಪಾಠ. ಟೆಂಡರ್ ಮುಗಿದು ಏಜೆನ್ಸಿ ಬದಲಾದಾಗ ಹಳೇ ಏಜೆನ್ಸಿಯವರಿಂದ ಕೆಲಸ ಬಿಟ್ಟ ತಾರೀಖು ಹಾಕಿಸಿಕೊಳ್ಳದಿದ್ದರೆ ಪಿಎಫ್ ದುಡ್ಡು ವರ್ಗಾಯಿಸೋಕೆ ಎಷ್ಟು ಒದ್ದಾಟ ಅನ್ನೋದೂ ಗೊತ್ತು. ತಿಂಗಳಿಗೆ ಲಕ್ಷದ ಮೇಲೆ ತಗೊಳ್ಳುವ ಹುಡುಗನಿಗೆ ತನ್ನ ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿದರೆ "ಇರಬೇಕು ಸರ್" ಅಂತಾನೆ!

ಅತಿ ಜಾಸ್ತಿ ಹೊಡೆತ ಬೀಳೋದು ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡಿಗಂಟಿನಲ್ಲಿ. ಆಫರ್ ಲೆಟರ್‌ನ ಕೊನೇ ಪುಟದಲ್ಲಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಲೆಕ್ಕ ಇರುತ್ತದಲ್ಲ, ಅಲ್ಲಿ ಗ್ರಾಚ್ಯುಟಿ ಅಂತ ಒಂದು ಸಾಲು ನೋಡಿ. ಬೇಸಿಕ್‌ನ, ಅಂದರೆ ಮೂಲ ವೇತನದ, 4.81 ಪರ್ಸೆಂಟ್. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ ಹಿಡಿದರೆ ಬರುವ ಅಂಕಿ ಅದು. ತಿಂಗಳ ಬೇಸಿಕ್ 75 ಸಾವಿರ ಇದ್ದರೆ ವರ್ಷಕ್ಕೆ ಸುಮಾರು 43 ಸಾವಿರ ರೂಪಾಯಿ. ನಿಮ್ಮ ಸಿಟಿಸಿಯಲ್ಲೇ ಅದನ್ನು ಎಣಿಸಿರುತ್ತಾರೆ. ಆದರೆ ಕಾಯಂ ನೌಕರನಿಗೆ ಅದು ಕೈಗೆ ಬರಬೇಕಾದರೆ ಒಂದೇ ಮಾಲೀಕರ ಹತ್ತಿರ 5 ವರ್ಷ ಆಗಬೇಕು.

ಒಂದೇ ಮಾಲೀಕರು ಅಂದರೆ ಯಾರು? ಏಜೆನ್ಸಿ. ಬರ್ಲಿನ್ ಕಂಪನಿ ಮೂರನೇ ವರ್ಷಕ್ಕೆ ಕಡಿಮೆ ಫೀಸಿನ ಬೇರೆ ಏಜೆನ್ಸಿ ಹಿಡಿಯಿತು ಅಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಅದೇ, ಮ್ಯಾನೇಜರ್ ಅವರೇ, ಕೆಲಸವೂ ಅದೇ. ಒಂದು ಇಮೇಲ್ ಬರುತ್ತದೆ, ಹಳೇ ಏಜೆನ್ಸಿಗೆ ರಾಜೀನಾಮೆ, ಹೊಸದಕ್ಕೆ ಸಹಿ, ಎರಡು ಕ್ಲಿಕ್. ಹಳೇ ಸರ್ವಿಸ್ ಸೇರಿಸಿ ಎಣಿಸುತ್ತೇವೆ ಅಂತ ಹೊಸಬರು ಬರೆದುಕೊಡದಿದ್ದರೆ ಆ ಮೂರು ವರ್ಷದ ಲಕ್ಷಕ್ಕೂ ಮೇಲಿನ ದುಡ್ಡಿಗೆ ಎಳ್ಳುನೀರು. ಮಾನ್ವಿ ಕಡೆಯ ಒಬ್ಬ ಹುಡುಗನಿಗೆ ಹೀಗೇ ಆಯಿತು. ನಾನು ಹೇಳುವವರೆಗೂ ಅವನಿಗೆ ತಾನು ಏನೋ ಕಳಕೊಂಡಿದ್ದೇನೆ ಅಂತಲೇ ಗೊತ್ತಿರಲಿಲ್ಲ.

2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ಹಾಗಾಗಿ ನಿಮ್ಮ ಪತ್ರದಲ್ಲಿ ಯಾವ ಥರದ ನೇಮಕ ಅಂತ ಬರೆದಿದೆ ಅನ್ನೋದು ಈಗ ದುಡ್ಡಿನ ಪ್ರಶ್ನೆ. ಓದಿ ನೋಡಿ.

ಇನ್ನೊಂದು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ನಮ್ಮ ಹೊರಗುತ್ತಿಗೆಯವರು ಮೂರು ತಿಂಗಳು ಸಂಬಳ ಇಲ್ಲ ಅಂದರೆ ಡಿಸಿ ಆಫೀಸ್ ಮುಂದೆ ಶಾಮಿಯಾನ ಹಾಕಿ ಕೂರುತ್ತಾರೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರೋ ಒಬ್ಬ ಅಧಿಕಾರಿ ಇರುತ್ತಾರೆ. ಲ್ಯಾಪ್‌ಟಾಪಿನವರಿಗೆ ಆ ಕಾಯ್ದೆ ಅನ್ವಯಿಸುತ್ತೋ ಇಲ್ಲವೋ ಆಮೇಲಿನ ಮಾತು. ಬರ್ಲಿನ್‌ನವರನ್ನು ಹಿಡಿಯೋದು ಎಲ್ಲಿ? ಏಜೆನ್ಸಿಯ ಚಾಟ್ ವಿಂಡೋ ಮುಂದೆ ಧರಣಿ ಕೂರೋಕಾಗುತ್ತಾ?

ಇಷ್ಟೆಲ್ಲ ಬೈದು ಈಗ ಉಲ್ಟಾ ಹೊಡೀತಿದ್ದೀನಿ ಅನ್ನಬೇಡಿ: ನನ್ನ ಮಕ್ಕಳಿಗೆ ಇಂಥ ಕೆಲಸ ಸಿಕ್ಕರೆ ಸೇರು ಅಂತಲೇ ಹೇಳುತ್ತೇನೆ. ಬೆಂಗಳೂರಿನ ಬಾಡಿಗೆ ಇಲ್ಲ, ಅಪ್ಪ ಅಮ್ಮನ ಜೊತೆ ಇರಬಹುದು. ಫಾರ್ಮ್ 16 ಇದ್ದರೆ ಬ್ಯಾಂಕಿನವರು ಮನೆ ಸಾಲಕ್ಕೆ ಕೂರಿಸಿ ಮಾತಾಡುತ್ತಾರೆ. ಹೆಣ್ಣುಮಕ್ಕಳಿಗೆ 26 ವಾರ ಹೆರಿಗೆ ರಜೆ ಕಾನೂನಿನಲ್ಲೇ ಇದೆ. ಇದನ್ನು ಬಿಟ್ಟು "ಕಾಂಟ್ರಾಕ್ಟರ್ ಆಗಿ ಡಾಲರಲ್ಲೇ ತಗೋತೀನಿ, ಕೈಗೆ ಜಾಸ್ತಿ ಬರುತ್ತೆ" ಅನ್ನುವವರೂ ಇದ್ದಾರೆ. ತಗೊಳ್ಳಿ. ಆದರೆ ಪಿಎಫ್ ಇಲ್ಲ, ರಜೆ ಇಲ್ಲ, ಮುಂಗಡ ತೆರಿಗೆ ನೀವೇ ಕಟ್ಟಬೇಕು. ವರ್ಷದ ಬಿಲ್ಲು 20 ಲಕ್ಷ ದಾಟಿದರೆ, ರಫ್ತಿಗೆ ತೆರಿಗೆ ಬೀಳದಿದ್ದರೂ, ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಒಂಟಿ ಇದ್ದು, ಲೆಕ್ಕಪತ್ರಕ್ಕೆ ಬೇಸರ ಇಲ್ಲದವರಿಗೆ ಅದು ಸರಿ. ಸಂಸಾರಸ್ಥರಿಗೆ ನಾನು ಹೇಳಲ್ಲ.

ಸಹಿ ಹಾಕೋಕೆ ಮುಂಚೆ ಏಜೆನ್ಸಿಗೆ ಒಂದು ಇಮೇಲ್ ಹಾಕಿ. ಪಿಎಫ್ ಪೂರ್ತಿ ಬೇಸಿಕ್ ಮೇಲೋ, ಬರೀ ಕಾನೂನಿನ ಮಿತಿಯಷ್ಟರ ಮೇಲೋ? ವಿದೇಶದ ಕಂಪನಿ ಬೇಡ ಅಂದ ದಿನ ನನಗೆ ಎಷ್ಟು ದಿನದ ನೋಟಿಸ್? ಏಜೆನ್ಸಿ ಬದಲಾದರೆ ಸರ್ವಿಸ್ ಮುಂದುವರಿಯುತ್ತಾ? ಉತ್ತರ ಬರಹದಲ್ಲೇ ಬೇಕು, ಫೋನಲ್ಲಿ ಬೇಡ. ಸೇರಿದ ಮೇಲೆ ಮೂರು ತಿಂಗಳಿಗೊಮ್ಮೆ 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ನೋಡಿ, ಹಿಡಿದ ಟಿಡಿಎಸ್ ಸರ್ಕಾರಕ್ಕೆ ಹೋಗಿದೆಯಾ ಅಂತ.

ಯಾವ ಏಜೆನ್ಸಿ ಒಳ್ಳೇದು ಅಂತ ಇನ್‌ಬಾಕ್ಸಲ್ಲಿ ಕೇಳಬೇಡಿ, ಹೇಳಲ್ಲ. ಆಫರ್ ಲೆಟರ್ ತಂದರೆ ಕೂತು ಓದೋಣ. ಜುಲೈ ತಿಂಗಳೊಂದು ಬಿಟ್ಟು ಬನ್ನಿ, ಆಗ ರಿಟರ್ನ್ಸ್ ಗದ್ದಲದಲ್ಲಿ ನನಗೆ ಊಟಕ್ಕೂ ಪುರುಸೊತ್ತು ಇರಲ್ಲ.