ತಕ್ಷಣ ಅಂದರೆ ಯಾವಾಗ?

ಅಡುಗೆಮನೆ ಡ್ರಾಯರ್ ಕ್ಲೀನ್ ಮಾಡುತ್ತಿದ್ದೆ. ಸಾಸಿವೆ ಪೊಟ್ಟಣದ ಕೆಳಗೆ 2024ರ ಬ್ರಿಟನ್ ಚುನಾವಣೆಯ ಪಾಂಪ್ಲೆಟ್ ಸಿಕ್ಕಿತು. ಮೇಲೆಲ್ಲ ಅರಿಶಿನದ ಕಲೆ. ಒಂದು ಬದಿಯಲ್ಲಿ ರಸ್ತೆ ಗುಂಡಿ, ಇನ್ನೊಂದು ಬದಿಯಲ್ಲಿ ಗಾಜಾ. ಯಾವ ಪಕ್ಷದ್ದು ಅಂತ ಹೇಳಲ್ಲ, ಬಿಡಿ.

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇಷ್ಟು ವರ್ಷವಾದರೂ ನನ್ನ ಪಾಸ್‌ಪೋರ್ಟ್ ಇಂಡಿಯಾದ್ದೇ ಅಂತ ನಿಮಗೆ ಗೊತ್ತು. ಕಾಮನ್‌ವೆಲ್ತ್ ಪ್ರಜೆ ಅನ್ನೋ ಲೆಕ್ಕದಲ್ಲಿ ಇಲ್ಲಿ ನನಗೂ ವೋಟಿದೆ. ಹಾಗಾಗಿ ಕೆಲಸ ಬಿಟ್ಟು ಫೋನಲ್ಲಿ ಹಳೇ ಪ್ರಣಾಳಿಕೆಗಳನ್ನು ಹುಡುಕಿದೆ. ತಲೆ ಕೆಟ್ಟಿದ್ದೇ ಅಲ್ಲಿ.

2017ರಲ್ಲಿ ಲೇಬರ್ ಪಕ್ಷ ಏನು ಹೇಳಿತ್ತು? ಗೆದ್ದರೆ ಪ್ಯಾಲೆಸ್ಟೀನ್‌ಗೆ ಸ್ವತಂತ್ರ ರಾಷ್ಟ್ರ ಅಂತ 'ತಕ್ಷಣ' ಮಾನ್ಯತೆ. 2019ರಲ್ಲೂ ಅದೇ 'ತಕ್ಷಣ'. ಎರಡೂ ಸಲ ಸೋತರು. 2024ರಲ್ಲಿ ಗೆಲ್ಲೋದು ಗ್ಯಾರಂಟಿ ಆಯಿತು ನೋಡಿ, 'ತಕ್ಷಣ' ಮಾಯ! ಅದರ ಜಾಗಕ್ಕೆ ಶಾಂತಿ ಮಾತುಕತೆಯ ಭಾಗವಾಗಿ ಮಾನ್ಯತೆ ಅಂತ ಬಂತು. ತಾರೀಕು ಇಲ್ಲ. ಇನ್ನೊಂದು ಪಕ್ಷವಾದ ಲಿಬರಲ್ ಡೆಮಾಕ್ರಟ್‌ಗಳು ಆಗಲೂ ತಕ್ಷಣ ಅಂದರು. ಸರ್ಕಾರ ಮಾಡಲ್ಲ ಅಂತ ಗೊತ್ತಿದ್ದವರಿಗೆ ಏನಂತೆ!

ಲೇಬರ್‌ನ ಅದೇ 2024ರ ಪ್ರಣಾಳಿಕೆಯಲ್ಲಿ, ಸ್ವಂತ ರಾಷ್ಟ್ರ ಅನ್ನೋದು ಪ್ಯಾಲೆಸ್ಟೀನಿಯರಿಂದ ಯಾರೂ ಕಿತ್ತುಕೊಳ್ಳಲಾಗದ ಹಕ್ಕು ಅಂತಲೂ ಇದೆ. ಗೆದ್ದು ಒಂದು ವರ್ಷ ಕಳೆದು, 2025ರ ಜುಲೈನಲ್ಲಿ, ಲೇಬರ್‌ನ ಪ್ರಧಾನಿ ಸ್ಟಾರ್ಮರ್ ಹೇಳಿದ್ದೇನು? ಇಸ್ರೇಲ್ ಕದನವಿರಾಮಕ್ಕೆ ಒಪ್ಪದಿದ್ದರೆ, ಇನ್ನೂ ಕೆಲವು ಷರತ್ತು ಪಾಲಿಸದಿದ್ದರೆ, ಸೆಪ್ಟೆಂಬರ್‌ನಲ್ಲಿ ಮಾನ್ಯತೆ ಕೊಡ್ತೀವಿ ಅಂತ. ಅಂದರೆ ಇಸ್ರೇಲ್ ಇವರ ಮಾತು ಕೇಳಿದ್ದರೆ ಪ್ಯಾಲೆಸ್ಟೀನಿಯರ ಹಕ್ಕು ಮತ್ತೆ ಕಪಾಟಿಗೆ ಅಲ್ವಾ?

ನಮ್ಮ ದೊಡ್ಡಪ್ಪನೂ ಹೀಗೇ. ಅತ್ತೆಗೆ ಭಾಗ ಕೊಡಲ್ಲ ಅಂತ ಒಂದು ದಿನವೂ ಅನ್ನಲಿಲ್ಲ. "ಕೊಡೋಣಮ್ಮ, ಕಾಲ ಬರಲಿ" ಅನ್ನುತ್ತಿದ್ದರು. ಪಹಣಿಯಲ್ಲಿ ಅತ್ತೆಯ ಹೆಸರು ಬರುವ ಹೊತ್ತಿಗೆ ಅರ್ಧ ಹೊಲ ಮಾರಿಯಾಗಿತ್ತು.

2025ರ ಸೆಪ್ಟೆಂಬರ್ 21ಕ್ಕೆ ಮಾನ್ಯತೆ ಬಂತು, ಸರಿ. ಅಷ್ಟರಲ್ಲಿ, ಗಾಜಾ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ, ಯುದ್ಧದಲ್ಲಿ ಸತ್ತವರು 65,000 ದಾಟಿದ್ದರು. ಭಾರತ 1988ರಲ್ಲೇ ಮುಗಿಸಿದ್ದ ಕೆಲಸ ಇದು.

"ಲೆಸ್ಟರ್ ಎಂ.ಪಿ.ಗೂ ಗಾಜಾಗೂ ಏನಯ್ಯ ಸಂಬಂಧ, ಮೊದಲು ಕಸದ ವಿಷಯ ನೋಡಲಿ" ಅಂತ ಗೆಳೆಯನೊಬ್ಬ ಅನ್ನುತ್ತಾನೆ. ಕಸದ ವಿಷಯ ಕೌನ್ಸಿಲ್‌ದಪ್ಪಾ. ಪ್ಯಾಲೆಸ್ಟೀನ್‌ನಲ್ಲಿ ಯಹೂದಿಗಳಿಗೆ ನೆಲೆ ಆಗಲು ಬೆಂಬಲ ಅಂತ 1917ರಲ್ಲಿ ಬಾಲ್ಫೋರ್ ಪತ್ರ ಬರೆದದ್ದು ಯಾರು? 1948ರವರೆಗೆ ಅಲ್ಲಿ ಆಳಿದ್ದು ಯಾರು? ಇದೇ ಬ್ರಿಟನ್. ಇಸ್ರೇಲ್‌ಗೆ ಶಸ್ತ್ರ ಮಾರುವ ಸುಮಾರು 350 ಲೈಸೆನ್ಸ್‌ಗಳಲ್ಲಿ 2024ರಲ್ಲಿ ತಡೆದದ್ದು ಬರೀ 30. ಸಂಬಂಧ ಇಲ್ವಂತೆ!

ಇಷ್ಟೆಲ್ಲ ಕೂಗಾಡುವ ನಾನು ಅವತ್ತು ಏನು ಮಾಡಿದೆ ಗೊತ್ತಾ? 2024ರ ಜುಲೈ 4, ಗುರುವಾರ, ಮತದಾನದ ದಿನ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದವನು ಎದ್ದಾಗ ರಾತ್ರಿ ಹತ್ತೂಕಾಲು. ಮತಗಟ್ಟೆ ಹತ್ತಕ್ಕೇ ಮುಚ್ಚಿತ್ತು. ನಮ್ಮ ಲೆಸ್ಟರ್ ಸೌತ್‌ನಲ್ಲಿ ಪಕ್ಷೇತರ ಶೌಕತ್ ಆಡಮ್ ಲೇಬರ್‌ನ ದೊಡ್ಡ ಕುಳವನ್ನು 979 ವೋಟಲ್ಲಿ ಸೋಲಿಸಿದರು. ಅದರಲ್ಲಿ ನನ್ನದು ಒಂದೂ ಇಲ್ಲ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಪಾಂಪ್ಲೆಟ್ ಬಿಸಾಕಿಲ್ಲ. ಸಾಸಿವೆ ಪೊಟ್ಟಣದ ಕೆಳಗೇ ಮಡಚಿಟ್ಟಿದ್ದೇನೆ. ಮುಂದಿನ ಸಲ ಬಾಗಿಲು ತಟ್ಟಿದವರ ಕೈಗೆ ಇದನ್ನೇ ಕೊಟ್ಟು, ತಾರೀಕು ಎಲ್ಲಿದೆ ತೋರಿಸಿ ಅಂತ ಕೇಳಬೇಕು.